ನಮ್ಮ ಸಂವಿಧಾನದ ಪೀಠಿಕೆ: ಅದರ ಮಾತು, ಅದರ ಧಾಟಿ

ಒಂದು ರಾಜ್ಯವು ಸೈನ್ಯದ ಬಲದಿಂದ ಹುಟ್ಟಬಹುದು, ಸಂಧಾನದಿಂದ ಹುಟ್ಟಬಹುದು, ಪ್ರಜೆಗಳ ಬಂಡಾಯದಿಂದಲೂ ಹುಟ್ಟಬಹುದು. ಹೇಗೆಯೇ ಹುಟ್ಟಿರಲಿ, ತಾನು ಯಾರು, ಯಾತಕ್ಕಾಗಿ ಹುಟ್ಟಿದೆ ಎಂಬುದನ್ನು ನಾಲ್ಕು ಜನರ ಮುಂದೆ ಅದು ಹೇಳಿಕೊಳ್ಳಲೇಬೇಕಾಗುತ್ತದೆ. ಅಮೇರಿಕೆಯ 1776ರ ಸ್ವಾತಂತ್ರ್ಯ ಘೋಷಣೆ, ಫ್ರಾನ್ಸಿನ 1789ರ ಮಾನವ ಹಕ್ಕುಗಳ ಘೋಷಣೆ ಇವು ಹಾಗೆ ಹೇಳಿಕೊಂಡ ಮಾತುಗಳು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಇವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ನಮ್ಮ ದೇಶದ ಸಂವಿಧಾನದ ಮೊದಲಲ್ಲಿರುವ ಪೀಠಿಕೆಯೂ ಇದೇ ಜಾತಿಗೆ ಸೇರಿದ ಬರಹ. ಅದರ ರಾಜಕೀಯ ಅರ್ಥವನ್ನು ಕುರಿತು ಗ್ರಂಥಗಳು ಬೇಕಾದಷ್ಟಿವೆ. ಆದರೆ ಅದನ್ನು ಒಂದು ವಾಕ್ಯವೆಂದು, ಮಾತಿನ ಒಂದು ಕಟ್ಟಡವೆಂದು ನೋಡುವ ಪ್ರಯತ್ನ ನಮ್ಮ ತರಗತಿಗಳಲ್ಲಿ ವಿರಳ. ಇತಿಹಾಸ ಮತ್ತು ಕನ್ನಡ ಎರಡನ್ನೂ ಐಚ್ಛಿಕ ವಿಷಯಗಳಾಗಿ ಓದುತ್ತಿರುವ ನಾನು ಆ ಪ್ರಯತ್ನವನ್ನು ಈ ಲೇಖನದಲ್ಲಿ ಯಥಾಮತಿಯಾಗಿ ಮಾಡಿದ್ದೇನೆ.

ಮೊದಲು ಅದರ ಜನ್ಮವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಸಂವಿಧಾನ ಸಭೆಯು ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ನಾಲ್ಕು ದಿವಸಗಳ ತರುವಾಯ, ಡಿಸೆಂಬರ್ 13ರಂದು, ಪಂಡಿತ ಜವಾಹರಲಾಲ ನೆಹರೂ ಅವರು ಧ್ಯೇಯಗಳ ಠರಾವನ್ನು ಮಂಡಿಸಿದರು. 1947ರ ಜನವರಿ 22ರಂದು ಸಭೆಯು ಅದನ್ನು ಸ್ವೀಕರಿಸಿತು. ಅದೇ ವರ್ಷ ಮೇ ತಿಂಗಳಿನಲ್ಲಿ ಸಭೆಯ ಸಂವಿಧಾನ ಸಲಹೆಗಾರರಾದ ಬೆನೆಗಲ್ ನರಸಿಂಗರಾಯರು ತಮ್ಮ ಟಿಪ್ಪಣಿಯಲ್ಲಿ ಪೀಠಿಕೆಯ ಒಂದು ಕಿರಿದಾದ ಕರಡನ್ನು ಕೊಟ್ಟರು. ನರಸಿಂಗರಾಯರು ಕನ್ನಡ ಕರಾವಳಿಯವರೆಂಬುದು ನಮಗೆ ಅಭಿಮಾನದ ಸಂಗತಿ. ಮುಂದೆ ಡಾಕ್ಟರ ಅಂಬೇಡಕರರ ಅಧ್ಯಕ್ಷತೆಯ ಕರಡು ಸಮಿತಿಯು ಈ ಎರಡನ್ನೂ ಮುಂದಿಟ್ಟುಕೊಂಡು ಇಂದಿನ ರೂಪವನ್ನು ಕಟ್ಟಿತು. ಕಲಮುಗಳೆಲ್ಲ ಚರ್ಚೆಯಾಗಿ ಮುಗಿದ ಮೇಲೆ, 1949ರ ಅಕ್ಟೋಬರ್ 17ರಂದು ಪೀಠಿಕೆಯು ಸಭೆಯ ಮುಂದೆ ಬಂದಿತು. ಪುಸ್ತಕದಲ್ಲಿ ಮೊದಲಿರುವುದು ಕೆಲಸದಲ್ಲಿ ಕೊನೆಯದಾಯಿತು. ಮನೆ ಕಟ್ಟಿದ ಮೇಲೆ ಹೊಸ್ತಿಲಿಗೆ ಪೂಜೆ ಮಾಡುವ ನಮ್ಮ ರೂಢಿಗೆ ಇದು ಹೊಂದಿಕೆಯಾಗಿಯೇ ಇದೆ. 1949ರ ನವೆಂಬರ್ 26ರಂದು ಇಡೀ ಸಂವಿಧಾನವು ಅಂಗೀಕಾರವಾಯಿತು. 1950ರ ಜನವರಿ 26ರಂದು ಜಾರಿಗೆ ಬಂದಿತು. ಮರಾಠಿಯ ಬಳಕೆಯನ್ನು ಅನುಸರಿಸಿ ನಮ್ಮ ಧಾರವಾಡ ಕಡೆಯ ಹಿರಿಯರು ಅದನ್ನು ‘ರಾಜ್ಯಘಟನೆ’ ಎಂದೂ ಕರೆಯುತ್ತಿದ್ದರು.

ಇನ್ನು ಪೀಠಿಕೆಯ ರಚನೆಯನ್ನು ನೋಡೋಣ. ಅದು ಇಡಿಯಾಗಿ ಒಂದೇ ವಾಕ್ಯ. ವಾಕ್ಯದ ಕರ್ತೃ ‘ನಾವು’, ಅಂದರೆ ಭಾರತದ ಜನತೆ. ಕ್ರಿಯಾಪದವು ವಾಕ್ಯದ ತುದಿಯಲ್ಲಿದೆ. ಕರ್ತೃವಿಗೂ ಕ್ರಿಯೆಗೂ ನಡುವೆ ದೇಶದ ಸ್ವರೂಪ, ನಾಗರಿಕರಿಗೆ ಸಲ್ಲಬೇಕಾದ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಅವರೊಳಗೆ ಬೆಳೆಯಬೇಕಾದ ಭ್ರಾತೃಭಾವನೆ, ಸಭೆಯ ಹೆಸರು, ತಾರೀಖು ಇವೆಲ್ಲವೂ ಸಾಲುಗಟ್ಟಿ ನಿಂತಿವೆ. ಇಂಗ್ಲಿಷ್ ಭಾಷೆಯಲ್ಲಿ ಕ್ರಿಯಾಪದವನ್ನು ಇಷ್ಟು ದೂರ ತಳ್ಳುವುದು ಸಹಜವಲ್ಲ. ಗಾಂಭೀರ್ಯಕ್ಕಾಗಿ ಮಾಡಿಕೊಂಡ ಏರ್ಪಾಡು. ಕನ್ನಡದಲ್ಲಾದರೋ ಕ್ರಿಯಾಪದದ ಸ್ಥಾನವೇ ಕೊನೆ. ಆದುದರಿಂದ ಇಂಗ್ಲಿಷಿನಲ್ಲಿ ಪ್ರಯತ್ನಪೂರ್ವಕವಾಗಿ ಸಾಧಿಸಿದ ಧಾಟಿಯು ಕನ್ನಡ ಅನುವಾದದಲ್ಲಿ ತಾನಾಗಿಯೇ ಒದಗಿ ಬಂದಿದೆ. ಕೇಳುವವನು ಕೊನೆಯ ಮಾತಿನವರೆಗೆ ಕಾಯಲೇಬೇಕು. ಅಷ್ಟು ಹೊತ್ತು ಕಾದ ಮೇಲೆ ಬರುವ ಮಾತಿಗೆ ತೂಕ ಬರುತ್ತದೆ.

ಆದರೆ ಒಂದು ಕಡೆಯಲ್ಲಿ ಕನ್ನಡಕ್ಕೆ ನಷ್ಟವೂ ಆಗಿದೆ. ಇಂಗ್ಲಿಷಿನಲ್ಲಿ ‘ನ್ಯಾಯ’ವೆಂಬ ಅರ್ಥದ ಶಬ್ದವು ದೊಡ್ಡ ಅಕ್ಷರಗಳಲ್ಲಿ ಮೊದಲು ಬಂದು, ಅದರ ವಿಶೇಷಣಗಳು ಹಿಂದಿನಿಂದ ಬರುತ್ತವೆ. ನಗಾರಿಯ ಮೇಲೆ ಒಂದು ಪೆಟ್ಟು ಬಿದ್ದು, ಆ ಮೇಲೆ ಅದರ ನಾದವು ಹರಡಿದಂತೆ ಅದು ಕೇಳಿಸುತ್ತದೆ. ಕನ್ನಡದಲ್ಲಿ ವಿಶೇಷಣವು ಮುಂದೆ, ವಿಶೇಷ್ಯವು ಹಿಂದೆ. ಸಾಮಾಜಿಕ, ಆರ್ಥಿಕ, ರಾಜಕೀಯ ಎಂಬ ಮೂರು ಹೆಜ್ಜೆಗಳನ್ನು ಹತ್ತಿದ ಮೇಲೆಯೇ ನ್ಯಾಯದ ಬಾಗಿಲು ಸಿಗುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವೂ ಇಲ್ಲ. ಆದುದರಿಂದ ಓದುವವನು ತನ್ನ ದನಿಯಿಂದಲೇ ಆ ಒತ್ತನ್ನು ಕೊಡಬೇಕು. ಸರಸರನೆ ಓದಿದರೆ ಆ ನಾಲ್ಕು ಮಹಾಶಬ್ದಗಳು ಗುಂಪಿನಲ್ಲಿ ಕಳೆದುಹೋಗುತ್ತವೆ.

ಈ ಬರಹದ ಧಾಟಿಯನ್ನು ತಿಳಿಯಲು ನಮ್ಮ ಊರಿನ ಸುತ್ತಮುತ್ತಲ ಎರಡು ಬಗೆಯ ಬರಹಗಳೊಡನೆ ಹೋಲಿಸಿ ನೋಡುವುದು ಉಪಯುಕ್ತ. ಮೊದಲನೆಯದು ಶಿಲಾಶಾಸನ. ಹಾವೇರಿಯ ಪುರಸಿದ್ಧೇಶ್ವರ ದೇವಾಲಯವನ್ನೂ, ರಾಣೇಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೌಡದಾನಪುರದ ಮುಕ್ತೇಶ್ವರ ದೇವಾಲಯವನ್ನೂ ಕಂಡವರಿಗೆ ಅಲ್ಲಿಯ ಶಾಸನಗಳ ಪರಿಚಯವಿರುತ್ತದೆ. ಚಾಲುಕ್ಯರ ಕಾಲದ ಶಾಸನವು ಸಾಮಾನ್ಯವಾಗಿ ದೇವರ ಸ್ತುತಿಯಿಂದ ಪ್ರಾರಂಭವಾಗಿ, ಆಳುವ ಅರಸನ ಬಿರುದಾವಳಿಗೆ ಬರುತ್ತದೆ. ಸಮಸ್ತಭುವನಾಶ್ರಯ, ಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂದು ಬಿರುದುಗಳು ಒಂದರ ಮೇಲೊಂದು ಬರುತ್ತವೆ. ಬಳಿಕ ಸಾಮಂತನ ಹೆಸರು, ದಾನದ ವಿವರ, ತಿಥಿ, ವಾರ, ಸಂಕ್ರಮಣ. ಸೂರ್ಯಚಂದ್ರರಿರುವ ತನಕ ದಾನವು ನಡೆಯಲೆಂಬ ಆಶಯ. ಕೊನೆಗೆ, ಅದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲೆಂಬ ಶಾಪ.

ಪೀಠಿಕೆಯಲ್ಲಿಯೂ ತಿಥಿಯಿದೆ, ಕೊಡುಗೆಯಿದೆ, ಕೊಟ್ಟವರ ಹೆಸರಿದೆ. ಆದರೆ ಬಿರುದು ಒಂದೂ ಇಲ್ಲ. ನಮ್ಮ ದೇಶವು ಪುರಾತನವೆಂದಾಗಲಿ, ಮಹತ್ತಾದುದೆಂದಾಗಲಿ, ಪವಿತ್ರವೆಂದಾಗಲಿ ಒಂದು ಶಬ್ದವೂ ಅಲ್ಲಿ ಬಂದಿಲ್ಲ. ಒಂದು ಪುರಾತನ ದೇಶವು ತನ್ನನ್ನು ಕುರಿತು ಬರೆದುಕೊಳ್ಳುವಾಗ ಇಷ್ಟು ಸಂಯಮ ತೋರಿಸಿದ್ದು ಆಶ್ಚರ್ಯವೇ ಸರಿ. ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. ‘ಸಾರ್ವಭೌಮ’ವೆಂಬ ಶಬ್ದವು ಹಿಂದೆ ಚಕ್ರವರ್ತಿಗೆ ಸಲ್ಲುತ್ತಿದ್ದ ಬಿರುದು. ಪೀಠಿಕೆಯ ಕನ್ನಡ ರೂಪದಲ್ಲಿ ಅದು ಅರಸನ ತಲೆಯಿಂದಿಳಿದು ಗಣರಾಜ್ಯಕ್ಕೆ ವಿಶೇಷಣವಾಗಿದೆ. ಶಾಪವಾಕ್ಯವೂ ಇಲ್ಲ, ಆಚಂದ್ರಾರ್ಕದ ಮಾತೂ ಇಲ್ಲ. ತಿದ್ದಬೇಕಾದರೆ ತಿದ್ದುವ ಮಾರ್ಗವನ್ನು 368ನೆಯ ಕಲಮಿನಲ್ಲಿ ಹೇಳಿಬಿಟ್ಟಿದ್ದಾರೆ. ತಾವು ಬರೆದುದು ಶಾಶ್ವತವೆಂಬ ಹಮ್ಮು ಬರೆದವರಿಗೆ ಇರಲಿಲ್ಲ.

ಎರಡನೆಯ ಹೋಲಿಕೆ ಖರೇದಿ ಪತ್ರದ್ದು. ರಾಣೇಬೆನ್ನೂರಿನಲ್ಲಾಗಲಿ ಬ್ಯಾಡಗಿಯಲ್ಲಾಗಲಿ ಸಬ್ ರಜಿಸ್ಟ್ರಾರ್ ಕಚೇರಿಯ ಹತ್ತಿರ ಕುಳಿತು ಪತ್ರ ಬರೆಯುವವರ ಭಾಷೆಯನ್ನು ಕೇಳಿದವರಿಗೆ ಪೀಠಿಕೆಯ ಧಾಟಿಯು ಅಪರಿಚಿತವೆನಿಸದು. ಹೊಲ ಮಾರಿದ ಪತ್ರವು ತಾರೀಖು, ಬರೆಯಿಸಿಕೊಂಡವರ ಹೆಸರು, ಬರೆದುಕೊಟ್ಟವರ ಹೆಸರು ಎಂದು ಮೊದಲಾಗುತ್ತದೆ. ಉತಾರದಂತೆ ಹೊಲದ ವಿವರ ಬರುತ್ತದೆ; ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರುತ್ತದೆ. ತಾನು ಯಾರ ಒತ್ತಾಯವೂ ಇಲ್ಲದೆ ರಾಜೀಖುಷಿಯಿಂದ ಬರೆದುಕೊಟ್ಟಿರುವೆನೆಂಬ ಮಾತು ಬಂದು, ಕೊನೆಗೆ ಕ್ರಿಯಾಪದ, ಆ ಮೇಲೆ ಸಾಕ್ಷಿದಾರರ ಸಹಿ. ಪೀಠಿಕೆಯು ಇದೇ ಜಾತಿಯ ಮಾತು. ಅದು ಒಂದು ಸಂಗತಿಯನ್ನು ವರ್ಣಿಸುವುದಿಲ್ಲ. ಆಡಿದೊಡನೆ ಒಂದು ಕಾರ್ಯವನ್ನು ನಡೆಸಿಬಿಡುತ್ತದೆ. ಪತ್ರಕ್ಕೆ ಸಹಿ ಬಿದ್ದೊಡನೆ ಹೊಲದ ಒಡೆತನ ಬದಲಾಗುವಂತೆ, ಈ ವಾಕ್ಯವು ಮುಗಿದೊಡನೆ ದೇಶದ ಒಡೆತನ ಬದಲಾಯಿತು. ವ್ಯತ್ಯಾಸವೊಂದೇ: ಇಲ್ಲಿ ಬರೆದುಕೊಟ್ಟವರೂ ನಾವೇ, ಬರೆಯಿಸಿಕೊಂಡವರೂ ನಾವೇ. ಇಂಗ್ಲಿಷಿನವರು ಇದನ್ನು ಹೇಳಲು ಬೇರೆ ಶಬ್ದಗಳನ್ನು ಸೇರಿಸಬೇಕಾಯಿತು. ನಮ್ಮ ಭಾಷೆಯಲ್ಲಿ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವಿದೆ. ‘ಅರ್ಪಿಸಿಕೊಂಡಿದ್ದೇವೆ’ ಎಂದೊಡನೆ ಮಾಡಿದ ಕೆಲಸವು ಮಾಡಿದವನ ಕಡೆಗೇ ತಿರುಗುತ್ತದೆ.

ತನಗೆ ತಾನೇ ಕೊಟ್ಟುಕೊಳ್ಳುವ ಈ ವಿಧಾನವು ನಮ್ಮವರು ಹೊಸದಾಗಿ ಕಂಡುಹಿಡಿದುದಲ್ಲ. ‘ನಾವು, ಜನರು’ ಎಂದು ಪ್ರಾರಂಭಿಸುವ ಪದ್ಧತಿಯು ಅಮೇರಿಕೆಯ 1787ರ ಸಂವಿಧಾನದಿಂದ ಬಂದಿತು. ಅಂಗೀಕರಿಸಿ, ಶಾಸನ ಮಾಡಿ, ನಮಗೆ ನಾವೇ ಕೊಟ್ಟುಕೊಳ್ಳುವ ತ್ರಿವಿಧ ಕ್ರಿಯೆಯು ಐರ್ಲೆಂಡಿನ 1937ರ ಸಂವಿಧಾನದಲ್ಲಿದೆ. ಆದರೆ ಐರ್ಲೆಂಡಿನವರು ತಮ್ಮ ಪೀಠಿಕೆಯನ್ನು ಕ್ರೈಸ್ತರ ಪರಮ ಪವಿತ್ರ ತ್ರಿತ್ವದ ಹೆಸರಿನಿಂದ ಪ್ರಾರಂಭಿಸಿದರು. ನಮ್ಮ ಸಭೆಯಲ್ಲಿಯೂ ಇಂಥ ಸೂಚನೆ ಬಾರದೆ ಹೋಗಲಿಲ್ಲ. ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಆಯ್ಕೆಯಾಗಿದ್ದ ಎಚ್. ವಿ. ಕಾಮತರು, ದೇವರ ಹೆಸರಿನಲ್ಲಿ ಎಂಬ ಮಾತನ್ನು ಮೊದಲಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವ ಸಂಕಟಕ್ಕೆ ಸಭೆಯನ್ನು ಈಡುಮಾಡಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕಾಮತರು ಹಿಂದೆಗೆಯಲಿಲ್ಲ. ಮತ ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68 ಬಿದ್ದವು. ವಿರುದ್ಧ ಮತ ಕೊಟ್ಟವರೆಲ್ಲ ನಾಸ್ತಿಕರಾಗಿದ್ದರೆಂದು ತಿಳಿಯಬಾರದು. ದೇವರನ್ನು ನಂಬದವನೂ, ಬೇರೆ ಹೆಸರಿನಿಂದ ನಂಬುವವನೂ ‘ನಾವು’ ಎಂಬುದರೊಳಗೆ ಸೇರಬೇಕಾಗಿದ್ದಿತು. ಆ ಒಂದು ಶಬ್ದವನ್ನು ಅಗಲವಾಗಿ ಉಳಿಸುವುದಕ್ಕಾಗಿಯೇ ಇನ್ನೊಂದು ದೊಡ್ಡ ಶಬ್ದವನ್ನು ಹೊರಗೆ ಬಿಟ್ಟರೆಂದು ನನ್ನ ತಿಳುವಳಿಕೆ.

ಇಲ್ಲಿ ಕನ್ನಡ ಅನುವಾದದ ಒಂದು ಸೊಗಸನ್ನು ಹೇಳದೆ ಇರಲಾರೆ. ಇಂಗ್ಲಿಷಿನಲ್ಲಿರುವುದು ‘ಕೊಡು’ ಎಂಬ ಸಾಮಾನ್ಯ ಕ್ರಿಯಾಪದ. ಕನ್ನಡದಲ್ಲಿ ಅದು ‘ಅರ್ಪಿಸು’ ಎಂದಾಗಿದೆ. ಅರ್ಪಣೆಯು ದೇವರಿಗೆ, ಗುರುವಿಗೆ ಸಲ್ಲುವಂಥಾದ್ದು. ‘ಸಂಕಲ್ಪ’ವೆಂಬ ಶಬ್ದವೂ ಅಂಥದೇ. ಪೂಜೆಗೆ ಮೊದಲು ದೇಶ, ಕಾಲ, ಕರ್ತೃ, ಉದ್ದೇಶಗಳನ್ನು ಉಚ್ಚರಿಸುವುದು ಸಂಕಲ್ಪದ ಕ್ರಮ. ಪೀಠಿಕೆಯಲ್ಲಿಯೂ ಈ ನಾಲ್ಕೂ ಇವೆ. ದೇವರ ಹೆಸರಿಲ್ಲದ ವಾಕ್ಯದಲ್ಲಿ ಪೂಜೆಯ ಮಾತುಗಳು ಉಳಿದುಕೊಂಡವು. ಅರ್ಪಿಸಿಕೊಳ್ಳುವ ಪೀಠದ ಮೇಲೆ ಕುಳಿತವರು ಮಾತ್ರ ಜನರು.

ಹಾಗಾದರೆ ಈ ‘ನಾವು’ ಯಾರು? ತಮಿಳಿನಲ್ಲಿ, ತೆಲುಗಿನಲ್ಲಿ, ತುಳುವಿನಲ್ಲಿ ‘ನಾವು’ ಎಂಬುದಕ್ಕೆ ಎರಡು ಬಗೆಯ ಶಬ್ದಗಳಿವೆ. ಕೇಳುವವನನ್ನು ಕೂಡಿಸಿಕೊಂಡು ಹೇಳುವ ‘ನಾವು’ ಬೇರೆ, ಅವನನ್ನು ಬಿಟ್ಟು ಹೇಳುವ ‘ನಾವು’ ಬೇರೆ. ತೆಲುಗಿನವರು ಮೊದಲನೆಯದಕ್ಕೆ ‘ಮನಂ’ ಎನ್ನುವರು, ಎರಡನೆಯದಕ್ಕೆ ‘ಮೇಮು’ ಎನ್ನುವರು. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ. ‘ನಾವು ಊಟಕ್ಕೆ ಕೂಡುತ್ತೇವೆ’ ಎಂದು ಮನೆಯಾತನು ಹೇಳಿದರೆ, ಬಂದವನಿಗೂ ಎಲೆ ಬೀಳುವುದೋ ಇಲ್ಲವೋ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ. ಮನೆಯವರ ನಡತೆಯಿಂದ ತಿಳಿಯಬೇಕು. ಪೀಠಿಕೆಯ ‘ನಾವು’ ಕೂಡ ಹೀಗೆಯೇ. 1949ರಲ್ಲಿ ಅದನ್ನು ಉಚ್ಚರಿಸಿದ ಸಭೆಯನ್ನು ವಯಸ್ಕರೆಲ್ಲರೂ ಆರಿಸಿರಲಿಲ್ಲ. ಪ್ರಾಂತಗಳ ಶಾಸನಸಭೆಗಳು ಆರಿಸಿ ಕಳಿಸಿದವರೂ ಸಂಸ್ಥಾನಗಳ ಪ್ರತಿನಿಧಿಗಳೂ ಅಲ್ಲಿ ಇದ್ದರು. ಧಾರವಾಡದ ರಂಗನಾಥ ದಿವಾಕರರು ಮುಂಬಯಿ ಪ್ರಾಂತದ ಪರವಾಗಿ ಕುಳಿತಿದ್ದರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಆಗ ಆ ಪ್ರಾಂತದ ಧಾರವಾಡ ಜಿಲ್ಲೆಯ ಭಾಗಗಳು. ಎಲ್ಲ ವಯಸ್ಕ ಗಂಡಸರೂ ಹೆಂಗಸರೂ ಮತ ಹಾಕಿದ್ದು 1951-52ರ ಸಾರ್ವತ್ರಿಕ ಚುನಾವಣೆಯಲ್ಲಿ. ಆದುದರಿಂದ 1949ರ ‘ನಾವು’ ಎಂಬ ಮಾತಿನಲ್ಲಿ ನಡೆದುಹೋದ ಸಂಗತಿಗಿಂತ ಮುಂದೆ ನಡೆಸಿಕೊಡಬೇಕಾದ ವಚನವೇ ಹೆಚ್ಚಾಗಿತ್ತು.

ಈ ‘ನಾವು’ ಎಂಬುದಕ್ಕೆ ಎದುರಾಗಿ ‘ಅವರು’ ಎಂಬುದು ಪೀಠಿಕೆಯಲ್ಲಿ ಎಲ್ಲಿಯೂ ಇಲ್ಲ. ಇದು ಅದರ ಶೈಲಿಯ ಅತ್ಯಂತ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಅಮೇರಿಕೆಯ 1776ರ ಘೋಷಣೆಯನ್ನು ತೆರೆದು ನೋಡಿದರೆ ಅದರ ಬಹುಪಾಲು ಇಂಗ್ಲೆಂಡಿನ ದೊರೆಯ ಮೇಲಿನ ದೂರುಗಳ ಪಟ್ಟಿ. ಆತನು ಇದನ್ನು ಮಾಡಿದನು, ಆತನು ಅದನ್ನು ಮಾಡಿದನು ಎಂದು ವಾಕ್ಯದ ಮೇಲೆ ವಾಕ್ಯ ಬರುತ್ತದೆ. ನಮ್ಮಲ್ಲಿಯೂ 1930ರ ಜನವರಿ 26ರಂದು ದೇಶದ ಊರೂರುಗಳಲ್ಲಿ ಓದಿದ ಪೂರ್ಣಸ್ವರಾಜ್ಯದ ಪ್ರತಿಜ್ಞೆಯು ಅದೇ ಬಗೆಯದು. ಬ್ರಿಟಿಷ್ ಸರಕಾರವು ಆರ್ಥಿಕವಾಗಿ, ರಾಜಕೀಯವಾಗಿ, ಸಾಂಸ್ಕೃತಿಕವಾಗಿ, ಆಧ್ಯಾತ್ಮಿಕವಾಗಿ ಭಾರತವನ್ನು ಹಾಳುಮಾಡಿದೆಯೆಂದು ಅದು ನಾಲ್ಕು ಬಗೆಯಾಗಿ ಆಪಾದಿಸಿತು. ಹೋರಾಟದ ಕಾಲಕ್ಕೆ ಆ ಧಾಟಿ ಯೋಗ್ಯವೇ. ಹತ್ತೊಂಬತ್ತು ವರ್ಷಗಳ ಮೇಲೆ ಅದೇ ಚಳುವಳಿಯ ಜನರು ಪೀಠಿಕೆಯನ್ನು ಬರೆದರು. ಅವರಲ್ಲಿ ಅನೇಕರು ಸೆರೆಮನೆಯನ್ನು ಕಂಡವರು. ದೇಶದ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಆದರೂ ಬ್ರಿಟಿಷರ ಹೆಸರಿಲ್ಲ, ಪಾಕಿಸ್ತಾನದ ಹೆಸರಿಲ್ಲ, ಯಾರ ಮೇಲೂ ದೂರಿಲ್ಲ. ವೈರಿಯನ್ನು ಹೆಸರಿಸದೆ ತನ್ನನ್ನು ತಾನು ಹೆಸರಿಸಿಕೊಳ್ಳುವುದು ವ್ಯಕ್ತಿಗೇ ಕಷ್ಟ. ರಾಷ್ಟ್ರಕ್ಕೆ ಇನ್ನೂ ಕಷ್ಟ.

ಶಬ್ದಗಳ ಅನುಕ್ರಮವೂ ವಿಚಾರಯೋಗ್ಯವಾಗಿದೆ. ಫ್ರಾನ್ಸಿನ ಘೋಷವಾಕ್ಯದಲ್ಲಿ ಸ್ವಾತಂತ್ರ್ಯ ಮೊದಲು. ನಮ್ಮಲ್ಲಿ ನ್ಯಾಯ ಮೊದಲು. ನ್ಯಾಯದೊಳಗೂ ಸಾಮಾಜಿಕವು ಮೊದಲು, ಆರ್ಥಿಕವು ಎರಡನೆಯದು, ರಾಜಕೀಯವು ಕೊನೆಯದು. ರಾಜಕೀಯ ಬಿಡುಗಡೆಯ ಸಂಭ್ರಮದಲ್ಲಿಯೇ ಬರೆದ ವಾಕ್ಯದಲ್ಲಿ ರಾಜಕೀಯವನ್ನು ಹಿಂದಕ್ಕೆ ಸರಿಸಿದ್ದು ಸಾಮಾನ್ಯವಲ್ಲ. ನೆಹರೂ ಅವರ ಠರಾವಿನಲ್ಲಿ ನ್ಯಾಯದ ಬಳಿಕ ಸಮಾನತೆ, ಆ ಮೇಲೆ ಸ್ವಾತಂತ್ರ್ಯ ಇದ್ದವು. ಕರಡು ಸಮಿತಿಯು ಇವೆರಡರ ಸ್ಥಾನವನ್ನು ಅದಲುಬದಲು ಮಾಡಿತು. ಠರಾವಿನಲ್ಲಿ ಇಲ್ಲದ ಭ್ರಾತೃಭಾವನೆಯನ್ನೂ ಸೇರಿಸಿತು. ಕರಡನ್ನು ಒಪ್ಪಿಸಿದ್ದು 1948ರ ಫೆಬ್ರುವರಿ 21ರಂದು, ಅಂದರೆ ಗಾಂಧೀಜಿಯವರ ಹತ್ಯೆಯಾಗಿ ಮೂರು ವಾರಗಳು ಕಳೆದಿದ್ದವು. ಸೋದರಭಾವ ಮತ್ತು ಸೌಹಾರ್ದಗಳ ಅವಶ್ಯಕತೆಯು ಎಂದಿಗಿಂತ ಈಗ ಹೆಚ್ಚಾಗಿದೆಯೆಂದು ಅಂಬೇಡಕರರು ಆಗ ಬರೆದ ಪತ್ರದಲ್ಲಿ ಕಾರಣ ಕೊಟ್ಟಿದ್ದಾರೆ.

ಕ್ರಿಯಾಪದಗಳನ್ನು ಗಮನಿಸಿದರೆ ಅಂಬೇಡಕರರ ಲೇಖನಿಯ ಎಚ್ಚರ ಇನ್ನೂ ಚೆನ್ನಾಗಿ ಕಾಣುತ್ತದೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳು ‘ದೊರೆಯುವಂತೆ’ ಮಾಡಬೇಕು. ಭ್ರಾತೃಭಾವನೆಯನ್ನು ‘ವೃದ್ಧಿಗೊಳಿಸ’ಬೇಕು. ಮೊದಲಿನ ಮೂರನ್ನು ಕಾಯದೆಯಿಂದ, ನ್ಯಾಯಾಲಯದಿಂದ ದೊರಕಿಸಬಹುದು. ಪಕ್ಕದ ಮನೆಯವನನ್ನು ತಮ್ಮನೆಂದು ತಿಳಿಯೆಂದು ಯಾವ ಫೌಜದಾರನೂ ಹುಕುಂ ಮಾಡಲಾರನು. ಅದು ಬೆಳೆಯ ಹಾಗೆ ಬೆಳೆಯಬೇಕಾದ ವಸ್ತು. ‘ಭ್ರಾತೃ’ ಎಂಬ ಸಂಸ್ಕೃತ ಶಬ್ದದಲ್ಲಿ ಸೋದರಿಗೆ ಸ್ಥಳವಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ನಮ್ಮ ‘ಒಡಹುಟ್ಟು’ ಎಂಬ ಶಬ್ದದಲ್ಲಿ ಅಕ್ಕ, ಅಣ್ಣ, ತಂಗಿ, ತಮ್ಮ ಎಲ್ಲರೂ ಇದ್ದಾರೆ. ಅನುವಾದಕರು ಅದನ್ನು ಬಳಸಿದ್ದರೆ ಸಭೆಯಲ್ಲಿದ್ದ ಹದಿನೈದು ಮಂದಿ ಸ್ತ್ರೀಸದಸ್ಯರಿಗೂ ಸಮಾಧಾನವಾಗುತ್ತಿತ್ತು. ‘ಅಧಿನಿಯಮಿಸಿ’ ಎಂಬ ಶಬ್ದವಾದರೋ ಕಚೇರಿಯ ಕಡತವನ್ನು ಬಿಟ್ಟು ಹೊರಗೆ ಸಂಚರಿಸಿದ್ದನ್ನು ನಾನು ಕಂಡಿಲ್ಲ. ‘ಕಾಯದೆ ಮಾಡಿಕೊಂಡು’ ಎಂದಿದ್ದರೆ ಬ್ಯಾಡಗಿಯ ಸಂತೆಯಲ್ಲಿಯೂ ತಿಳಿಯುತ್ತಿತ್ತು.

ಇಡೀ ಸಂವಿಧಾನದ ಧಾಟಿಯೇ ನಮ್ಮದಲ್ಲವೆಂಬ ಆಕ್ಷೇಪಣೆಯನ್ನು ಸಂವಿಧಾನ ಸಭೆಯಲ್ಲಿಯೇ ಎತ್ತಿದವರು ಕನ್ನಡಿಗರೊಬ್ಬರು. ಮುಂದೆ ಮೈಸೂರಿನ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು, ನಮಗೆ ಬೇಕಾಗಿದ್ದುದು ವೀಣೆಯ ಅಥವಾ ಸಿತಾರಿನ ಸಂಗೀತ, ಸಿಕ್ಕಿರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬರ್ಥದ ಮಾತನ್ನು 1949ರ ನವೆಂಬರಿನಲ್ಲಿ ಆಡಿದರು. ಪೀಠಿಕೆಯ ಮಟ್ಟಿಗೆ ಈ ಮಾತು ಅರ್ಧ ನಿಜ. ವಾದ್ಯಗಳು ಅಮೇರಿಕೆ, ಐರ್ಲೆಂಡ್, ಫ್ರಾನ್ಸುಗಳಿಂದ ಬಂದವು. ಆದರೆ ದೂರುಗಳಿಲ್ಲದ, ಬಿರುದುಗಳಿಲ್ಲದ, ದೇವರ ಹೆಸರನ್ನು ಎಲ್ಲರಿಗಾಗಿ ಬಿಟ್ಟುಕೊಟ್ಟ ರಾಗವು ಆ ಮೂರು ದೇಶಗಳಲ್ಲಿ ಯಾವುದರದೂ ಅಲ್ಲ. ಪಿಟೀಲು ಪರದೇಶದಿಂದ ಬಂದು ಕರ್ನಾಟಕ ಸಂಗೀತದಲ್ಲಿ ಒಂದಾದುದನ್ನು ನೆನೆದರೆ ವಾದ್ಯದ ಹುಟ್ಟೂರನ್ನು ಕೇಳುವ ಅಗತ್ಯ ಕಾಣುವುದಿಲ್ಲ.

ಕಳೆದ ಸಂವಿಧಾನ ದಿನದಂದು ಪೀಠಿಕೆಯನ್ನು ಓದಿದ ಮೇಲೆ ನನ್ನ ತರಗತಿಯ ಗೆಳೆಯನೊಬ್ಬನು ಒಂದು ಪ್ರಶ್ನೆ ಕೇಳಿದನು: “ಇದನ್ನ ಓದಿದ್ರ ನಮ್ಮಪ್ಪನ ಮೆಣಸಿನಕಾಯಿಗೆ ರೇಟು ಬರತದೇನೋ?” ಸುತ್ತಲಿದ್ದವರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಲು ನೆರೆದ ರೈತರ ಮೇಲೆ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದಾಗ ರೈತರ ಸಿಟ್ಟು ಬೆಂಕಿಯಾಗಿ, ವಾಹನಗಳು ಉರಿದುಹೋದವು. ಆರ್ಥಿಕ ನ್ಯಾಯವೆಂಬ ಶಬ್ದವನ್ನು ಈ ಮೂರು ಊರುಗಳಲ್ಲಿ ನಿಂತು ಓದುವವನು ಈ ಎರಡು ದಿನಗಳನ್ನು ಮರೆತು ಓದಲಾರನು. ಅಂಬೇಡಕರರೂ 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟಿದ್ದರು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆ ಎಂಬ ವಿರೋಧವನ್ನು ಹೊತ್ತುಕೊಂಡೇ ನಾವು ಜನವರಿ 26ಕ್ಕೆ ಕಾಲಿಡುತ್ತಿದ್ದೇವೆಂದೂ, ಅದನ್ನು ಬೇಗನೆ ನ��ವಾರಿಸದಿದ್ದರೆ ಅನ್ಯಾಯ ಉಂಡವರು ಈ ಕಟ್ಟಡವನ್ನೇ ಕೆಡವಿಯಾರೆಂದೂ ಅವರು ಹೇಳಿದರು.

ಗೆಳೆಯನಿಗೆ ನಾನು ಕೊಡುವ ಉತ್ತರ ಇದು. ಪೀಠಿಕೆಯಿಂದ ರೇಟು ಬರುವುದಿಲ್ಲ. ಪೀಠಿಕೆಯೊಂದನ್ನೇ ಹಿಡಿದುಕೊಂಡು ಯಾವ ನ್ಯಾಯಾಲಯದಲ್ಲಿಯೂ ದಾವೆ ಹೂಡಲು ಬರುವುದಿಲ್ಲ. ಆದರೆ ರೈತನು ಮಾರುಕಟ್ಟೆಯಲ್ಲಿ ನಿಂತು ಕೇಳುವುದು ದಯೆಯನ್ನೋ ಹಕ್ಕನ್ನೋ ಎಂಬುದನ್ನು ಅದು ನಿಶ್ಚಯಿಸಿದೆ. ಅರಸನ ಶಾಸನದ ಕಾಲದಲ್ಲಿ ಪ್ರಜೆಯು ಬಿನ್ನಹ ಮಾಡಿಕೊಳ್ಳಬೇಕಾಗಿತ್ತು. ಖರೇದಿ ಪತ್ರವುಳ್ಳವನು ಬಿನ್ನಹ ಮಾಡುವುದಿಲ್ಲ. ಪತ್ರವನ್ನು ತೆಗೆದು ತೋರಿಸುತ್ತಾನೆ.

ಹಾಗೆ ತೆಗೆದು ತೋರಿಸಿದ ಪ್ರಸಂಗಗಳು ಕನ್ನಡ ನಾಡಿನ ಇತಿಹಾಸದಲ್ಲಿಯೇ ಇವೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾಯದೆಗಳ ವಿಷಯವಾಗಿ ಹೂಡಿದ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರ ಪೀಠವು ತೀರ್ಪು ಕೊಟ್ಟಿತು. ಸಂವಿಧಾನದ ಮೂಲಸ್ವರೂಪವನ್ನು ಕೆಡಿಸುವ ತಿದ್ದುಪಡಿ ಸಲ್ಲದೆಂಬ ತತ್ತ್ವ ಅಲ್ಲಿ ಸ್ಥಾಪಿತವಾಯಿತು. ಪೀಠಿಕೆಯು ಸಂವಿಧಾನದ ಭಾಗವಲ್ಲವೆಂಬ 1960ರ ಅಭಿಪ್ರಾಯ ಬಿದ್ದುಹೋಯಿತು. ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ ಹುಟ್ಟಿದ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಿದ್ದರಿಂದ ಹುಟ್ಟಿದ ಪ್ರಕರಣದಲ್ಲಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠವು ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದುದೆಂದು ಹೇಳಿತು. ಸಮಾಜವಾದಿ, ಧರ್ಮನಿರಪೇಕ್ಷ ಎಂಬ ವಿಶೇಷಣಗಳೂ ಅಖಂಡತೆಯೆಂಬ ಶಬ್ದವೂ 1976ರ 42ನೆಯ ತಿದ್ದುಪಡಿಯಿಂದ ಪೀಠಿಕೆಯಲ್ಲಿ ಸೇರಿದವು. ಮೊದಲಿನ ಎರಡರ ವಿರುದ್ಧ ಬಂದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತಳ್ಳಿಹಾಕಿತು. ಶೈಲಿಯ ದೃಷ್ಟಿಯಿಂದ ಇಲ್ಲಿ ಒಂದು ವಿಚಿತ್ರವಿದೆ: ವಾಕ್ಯದ ತಾರೀಖು 1949 ಎಂದೇ ಉಳಿದು, 1976ರ ಶಬ್ದಗಳು ಹಿರಿಯರ ಬಾಯಲ್ಲಿ ಕುಳಿತಿವೆ. ಕನ್ನಡದಲ್ಲಿ ಎರಡನೆಯ ಶಬ್ದಕ್ಕೆ ಕೆಲವರು ‘ಧರ್ಮನಿರಪೇಕ್ಷ’ವೆಂದೂ, ಕೆಲವರು ‘ಜಾತ್ಯತೀತ’ವೆಂದೂ, ಕೆಲವರು ‘ಸರ್ವಧರ್ಮ ಸಮಭಾವ’ವೆಂದೂ ಅಚ್ಚು ಮಾಡಿರುವುದುಂಟು. ಮೂರರ ಅರ್ಥವೂ ಒಂದೇ ಅಲ್ಲವೆಂಬುದನ್ನು ಕನ್ನಡ ಬಲ್ಲ ಯಾರಾದರೂ ಹೇಳಬಲ್ಲರು.

2023ರ ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನದ ನಿಮಿತ್ತ, ಕರ್ನಾಟಕದಾದ್ಯಂತ ಪೀಠಿಕೆಯನ್ನು ಸಾಮೂಹಿಕವಾಗಿ ಓದಲಾಯಿತು. ಒಟ್ಟಿಗೆ ದನಿಗೂಡಿಸಿ ಓದುವುದು ಆ ಬರಹದ ಸ್ವಭಾವಕ್ಕೆ ಒಪ್ಪುವಂಥಾದ್ದೇ. ಏಕೆಂದರೆ ಅದರ ಕರ್ತೃಪದವು ಬಹುವಚನ. ಒಬ್ಬನೇ ಕುಳಿತು ‘ನಾವು’ ಎಂದರೆ ಅದಕ್ಕೆ ಪೂರ್ಣ ಅರ್ಥ ಬರುವುದಿಲ್ಲ. ಅಂತೆಯೇ ಅರ್ಥ ತಿಳಿಯದೆ ಸಾವಿರ ಜನರು ಕೂಡಿ ಹೇಳಿದರೂ ಅದು ಬರಿಯ ಗದ್ದಲ.

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು 1911ರಲ್ಲಿ. 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ; ಆಗ ಅವರಿಗೆ ನಮ್ಮ ಕಾಲೇಜಿನ ಹುಡುಗರ ವಯಸ್ಸು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಗುಂಡಿಗೆ ಬಲಿಯಾದರು. ಪೀಠಿಕೆಯ ಒಂದು ಶಬ್ದವನ್ನೂ ಆ ಮೂವರು ಕೇಳಲಿಲ್ಲ. ಖರೇದಿ ಪತ್ರದಲ್ಲಿ ಹೊಲದ ಕಿಮ್ಮತ್ತನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುತ್ತಾರೆ. ಪೀಠಿಕೆಯಲ್ಲಿ ಕಿಮ್ಮತ್ತಿನ ಅಂಕಣವಿಲ್ಲ. ಅದು ಪತ್ರ ಬರೆಯುವುದಕ್ಕಿಂತ ಮುಂಚೆಯೇ ಸಂದಾಯವಾಗಿತ್ತು. ಸಹಪಾಠಿಗಳಾದ ನೀವು ಮುಂದಿನ ನವೆಂಬರ್ 26ರಂದು ಈ ವಾಕ್ಯವನ್ನು ಓದುವಾಗ ಅವಸರ ಮಾಡಬೇಡಿರಿ. ಕರ್ತೃಪದದ ಬಳಿ ಒಂದು ಕ್ಷಣ ನಿಲ್ಲಿರಿ, ನ್ಯಾಯದ ಬಳಿ ಇನ್ನೊಂದು ಕ್ಷಣ ನಿಲ್ಲಿರಿ, ಕೊನೆಯ ಕ್ರಿಯಾಪದವನ್ನು ಪೂರ್ತಿಯಾಗಿ ಉಚ್ಚರಿಸಿರಿ. ಬರೆದುಕೊಟ್ಟವರ ಸಾಲಿನಲ್ಲಿ ನಿಮ್ಮ ಹೆಸರೂ ಇದೆ, ಬರೆಯಿಸಿಕೊಂಡವರ ಸಾಲಿನಲ್ಲಿಯೂ ಇದೆ.